ಕೊಡೆ ಹಿಡಿದು ನಡೆಯುವ ಅಪ್ಪ

ಜನವರಿ 14

ಅಕ್ಕಾ,

ಅಂತೂ ತಲುಪಿ ಮೂರು ದಿನವಾಯಿತು. ಬಸ್ಸಿನಲ್ಲಿ ಹನ್ನೊಂದು ಗಂಟೆ, ಅದಾದ ಮೇಲೆ ಉಪ್ಪು ಸಾಗಿಸುವ ಲಾರಿಯಲ್ಲಿ ಮೂರು ಗಂಟೆ. ಲಾರಿಯ ಡ್ರೈವರ್ ತನಗೆ ಬರುವ ಏಳೇ ಏಳು ಇಂಗ್ಲಿಷ್ ಪದಗಳನ್ನು ಹಿಂದೆ ಮುಂದೆ ಮಾಡಿಕೊಂಡು ದಾರಿಯುದ್ದಕ್ಕೂ ಹರಟಿದ. ಈಗ ಅವನೂ ನನ್ನ ವಿದ್ಯಾರ್ಥಿ. ಮೈಯೆಲ್ಲ ಇನ್ನೂ ನುಜ್ಜುಗುಜ್ಜಾಗಿದೆ, ಆದರೂ ನಿನಗೆ ಬರೆದುಬಿಡೋಣ ಎಂದು ಕೂತಿದ್ದೇನೆ.

ಮೊದಲ ವರ್ಷ ದ್ವೀಪ, ಎರಡನೆಯ ವರ್ಷ ದೋಣಿಯಿಲ್ಲದೆ ಹೋಗಲಾಗದ ಮರದ ಮಿಲ್ಲಿನ ಊರು, ಈಗ ಇದು. ಹುಡುಕಿದರೂ ಮರವಿಲ್ಲದ ಬಯಲು, ಹೊತ್ತುಗೊತ್ತಿಲ್ಲದ ಗಾಳಿ. ಶಾಲೆ ಹಿಂದೆ ಉಣ್ಣೆಯ ಗೋದಾಮಾಗಿತ್ತಂತೆ, ಒಳಗೆ ಕಾಲಿಟ್ಟರೆ ಈಗಲೂ ಒದ್ದೆ ಕುರಿಯ ವಾಸನೆ. ಕರಿಹಲಗೆಯನ್ನು ಎರಡು ಕುರ್ಚಿಗಳ ಮೇಲೆ ಒರಗಿಸಿದ್ದಾರೆ, ಒತ್ತಿ ಬರೆದರೆ ಬೀಳುತ್ತದೆ. ಬೆಳಿಗ್ಗೆ ಮಕ್ಕಳಿಗೆ ಇಂಗ್ಲಿಷ್, ಸಂಜೆ ದೊಡ್ಡವರಿಗೆ. ದೊಡ್ಡವರೆಂದರೆ ಲಾರಿಯವರು, ಅಂಗಡಿಯವರು, ಮತ್ತೆ ಊರಿನ ಸೂಲಗಿತ್ತಿ. ಅವಳಿಗೆ ಅರವತ್ತು ದಾಟಿದೆ. ಮುಂದಿನ ಬೆಂಚನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಮೊದಲ ಪಾಠ ಎಂದಿನಂತೆ 'ನನ್ನ ಕುಟುಂಬ'. ಅಪ್ಪನ ವಿಷಯ ಹೇಳಿದೆ. ಎಲ್ಲರಿಗೂ ಅಪ್ಪ ತುಂಬ ಹಿಡಿಸಿದರು.

ಮೇ ಕೊನೆಗೆ ನನ್ನ ಕರಾರು ಮುಗಿಯುತ್ತದೆ. ಜೂನ್ ಒಂದಕ್ಕೆ ನಿನ್ನ ತರಬೇತಿ. ಅಪ್ಪನಿಗೆ ಪಾರ್ಶ್ವವಾಯು ಬಡಿದ ವರ್ಷ ನಾವಿಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಆಡಿದ ಮಾತು ನನಗೆ ನೆನಪಿದೆ: "ಒಂದು ವರ್ಷ ನೀನು ಹೋಗು, ಒಂದು ವರ್ಷ ನಾನು ಹೋಗ್ತೀನಿ." ನನ್ನ ಒಂದು ವರ್ಷ ಮೂರಾಯಿತು. ಈ ಸಲ ತಪ್ಪುವುದಿಲ್ಲ.

ಗಾಳಿಯಲ್ಲಿ ಕಾಗದ ಹಾರದ ಹಾಗೆ ಮೊಣಕೈ ಊರಿ ಬರೆಯುತ್ತಿರುವ,
ಪುಟ್ಟಿ

*

ಫೆಬ್ರವರಿ 6

ಪುಟ್ಟಿ,

ನಿನ್ನ ಕಾಗದಕ್ಕೆ ಹದಿನೇಳು ದಿನ ಹಿಡಿಯಿತು. ಆಮೆಯ ಬೆನ್ನ ಮೇಲೆ ಇಟ್ಟು ಕಳಿಸಿದ್ದರೂ ಇಷ್ಟರಲ್ಲಿ ಬರುತ್ತಿತ್ತೇನೋ. ಆದರೂ ಕಾಗದವೇ ಬರೆ. ನೀನು ಗುಡ್ಡ ಹತ್ತಿ ಫೋನ್ ಮಾಡುವುದು, ಅದು ಅರ್ಧಕ್ಕೆ ಕಟ್ಟಾಗುವುದು, ಅಪ್ಪ ಫೋನನ್ನು ಕಿವಿಗೆ ಇಟ್ಟುಕೊಂಡು ಸುಮ್ಮನೆ ಕೂತಿರುವುದು, ಅದನ್ನು ನೋಡಲು ನನ್ನಿಂದಾಗುವುದಿಲ್ಲ.

ಅಪ್ಪ ಇದ್ದ ಹಾಗೇ ಇದ್ದಾರೆ. ಬಲಗೈ ಬಲಗಾಲು ಬಿದ್ದದ್ದು ಬಿದ್ದದ್ದೇ. ಉಳಿದಿರುವುದು ನಾಲ್ಕು ಮಾತು: ಹೂಂ, ಬೇಡ, ನೀರು, ಅಮ್ಮಣ್ಣಿ. ಅಮ್ಮಣ್ಣೀ ಎಂದು ನನ್ನನ್ನು ಕೂಗುವುದು ದಿನಕ್ಕೆ ನೂರು ಸಲ. ಒಂದೊಂದು ಸಲ ರೇಗಿಹೋಗಿ, "ಅಮ್ಮಣ್ಣಿ ಮನೇಲಿಲ್ಲ, ದೇಶಾಂತರ ಹೋದ್ಲು" ಎಂದುಬಿಡುತ್ತೇನೆ. ಅದಕ್ಕೆ ನಗುತ್ತಾರೆ. ಆಮೇಲೆ ನನಗೇ ಹೇಗೋ ಆಗುತ್ತದೆ.

ಫೋಟೋಗಳಿಗೆ ಗಾಜು, ಕಟ್ಟು ಹಾಕಿಸಲು ಜನ ಬರುತ್ತಾರೆ, ಅಂಗಡಿ ನಡೆಯುತ್ತಿದೆ. ಮೊನ್ನೆ ಒಬ್ಬಾಕೆ ಮದುವೆಯ ಗುಂಪು ಫೋಟೋ ತಂದು ಕಟ್ಟು ಹಾಕಿಕೊಡಿ ಎಂದಳು. ತುದಿಯಲ್ಲಿ ನಿಂತ ಭಾವನನ್ನು ಮಾತ್ರ ಕತ್ತರಿಸಿಬಿಡಬೇಕಂತೆ. "ನಮ್ಮಂಗಡೀಲಿ ಫೋಟೋ ಕತ್ತರಿಸಲ್ಲಮ್ಮ. ಫೋಟೋ ಎಷ್ಟಗಲ ಇರುತ್ತೋ ಅಷ್ಟಗಲ ಕಟ್ಟು. ಇದು ನಮ್ಮಪ್ಪ ಮಾಡಿಟ್ಟಿರೋ ಕಾನೂನು" ಎಂದೆ. ಭಾವ ಹಾಳಾಗಿಹೋಗಲಿ ಎಂದು ಶಪಿಸಿ ಅವನ ಸಮೇತ ಕಟ್ಟು ಹಾಕಿಸಿಕೊಂಡು ಹೋದಳು. ಒಳಗಿನ ಕೋಣೆಯಲ್ಲಿ ಮಲಗಿದ್ದ ಅಪ್ಪ ಎಲ್ಲ ಕೇಳಿಸಿಕೊಂಡು ಜೋರಾಗಿ ಹೂಂ ಅಂದರು.

ನನ್ನ ಅರ್ಜಿ ಕಳಿಸಿದ್ದೇನೆ. ವಸ್ತುಸಂಗ್ರಹಾಲಯದವರು ಹಳೆಯ ಫೋಟೋ, ಹಳೆಯ ಕಾಗದ ಉಳಿಸುವ ಕೆಲಸವನ್ನು ಒಂದು ವರ್ಷ ಕಲಿಸುತ್ತಾರೆ. ನಲವತ್ತು ತುಂಬಿದವರನ್ನು ತೆಗೆದುಕೊಳ್ಳುವುದಿಲ್ಲ. ನನಗೆ ಜುಲೈಗೆ ತುಂಬುತ್ತದೆ. ಇಷ್ಟು ಬರೆದರೆ ನಿನಗೆ ಸಾಕು ಎಂದುಕೊಳ್ಳುತ್ತೇನೆ.

ಕೈಗೆ ಅಂಟು ಮೆತ್ತಿಕೊಂಡೇ,
ಅಕ್ಕ

*

ಮಾರ್ಚ್ 19

ಅಕ್ಕಾ,

ಬೈಯಬೇಡ, ಪೂರ್ತಿ ಓದು.

ಇಲ್ಲಿಯ ದೊಡ್ಡವರೆಲ್ಲ ಈ ಸಲ ಇಂಗ್ಲಿಷ್ ಪರೀಕ್ಷೆಗೆ ಕೂರುತ್ತಿದ್ದಾರೆ. ಪಾಸಾದರೆ ಲಾರಿಯವನಿಗೆ ಬಂದರಿನಲ್ಲಿ ಕೆಲಸ, ಸೂಲಗಿತ್ತಿಗೆ ಆಸ್ಪತ್ರೆಯವರ ಪ್ರಮಾಣಪತ್ರ. ಪರೀಕ್ಷೆ ಆಗಸ್ಟಿನಲ್ಲಿ. ಹೆಡ್‌ಮಾಸ್ಟರು ನಿನ್ನೆ ನನ್ನ ಕೋಣೆಗೆ ಬಂದು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. "ಟೀಚರ್, ನಡುನೀರಲ್ಲಿ ಕೈ ಬಿಡಬೇಡಿ. ಕರಾರು ಮುಗಿದಮೇಲೆ ಮೂರೇ ತಿಂಗಳು ಇದ್ದುಬಿಡಿ" ಅಂದರು. ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ.

ತರಬೇತಿಯವರಿಗೆ ಒಂದು ಮಾತು ಕೇಳಿ ನೋಡಬಹುದಾ? ಮೂರು ತಿಂಗಳು ತಡವಾಗಿ ಸೇರಿಕೊಳ್ಳುತ್ತೇನೆ ಎಂದರೆ ಒಪ್ಪಬಹುದು. ಅಥವಾ ಎದುರುಮನೆಯ ಕಾಂಪೌಂಡರ್ ಮಾವ ಹೇಗೂ ಕೆಲಸದಿಂದ ನಿವೃತ್ತರಾಗಿ ಮನೆಯಲ್ಲೇ ಇದ್ದಾರೆ, ಅಷ್ಟು ದಿನ ಅವರು ಅಪ್ಪನನ್ನು ನೋಡಿಕೊಂಡರೆ? ಹೋದ ವರ್ಷವೂ ಇದನ್ನೇ ಬರೆದಿದ್ದೆ ಎಂದು ಗೊತ್ತು. ಬರೆಯುವಾಗ ಮುಖ ಬಿಸಿಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ ನೋಡು, ನನ್ನ ಭಂಡತನ.

ಉತ್ತರ ಬೇಗ ಬರೆ. ಬೈದಾದರೂ ಬರೆ.
ಪುಟ್ಟಿ

*

ಮಾರ್ಚ್ 30

ಅಕ್ಕಾ,

ಅವಸರದಲ್ಲಿದ್ದೇನೆ. ಲಾರಿ ಹೊರಗೆ ನಿಂತಿದೆ.

ಒಂದು ದಪ್ಪ ಕಂದು ಲಕೋಟೆ ಮನೆಗೆ ಬರುತ್ತದೆ. ದಯವಿಟ್ಟು ತೆರೆಯಬೇಡ. ಪರೀಕ್ಷೆಯಲ್ಲಿ ಪತ್ರ ಬರೆಯುವ ಪ್ರಶ್ನೆ ಇದೆ. ಅದಕ್ಕೆ ಅಭ್ಯಾಸವಾಗಲಿ ಎಂದು 'ನನ್ನ ಟೀಚರ ತಂದೆಗೆ ಒಂದು ಪತ್ರ' ಬರೆಯಿರಿ ಎಂದಿದ್ದೆ. ಪುಸ್ತಕದಲ್ಲಿ ಬರೆದು ನನಗೆ ತೋರಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಪತ್ರ ಎಂದಮೇಲೆ ಅಂಚೆಗೆ ಹಾಕದಿದ್ದರೆ ಅದೆಂಥ ಪತ್ರ ಎಂದು ಇವರ ಲೆಕ್ಕ. ನನ್ನ ಕಡತದಿಂದ ಮನೆಯ ವಿಳಾಸ ತೆಗೆದು, ನನಗೆ ಖುಷಿಯಾಗಲಿ ಎಂದು ಗುಟ್ಟಾಗಿ ಎಲ್ಲ ಸೇರಿಸಿ ಕಳಿಸಿಬಿಟ್ಟಿದ್ದಾರೆ. ನನಗೆ ಇವತ್ತು ಹೇಳಿದರು, ಚಪ್ಪಾಳೆ ತಟ್ಟಿಕೊಂಡು.

ಅದರಲ್ಲಿ ಏನೂ ಇಲ್ಲ. ಬರೀ ತಪ್ಪುಗಳ ಇಂಗ್ಲಿಷ್. ಅಪ್ಪನಿಗೆ ಓದಿ ಹೇಳುವ ಅಗತ್ಯವೂ ಇಲ್ಲ. ನನ್ನ ಪೆಟ್ಟಿಗೆಯಲ್ಲಿ ಹಾಗೇ ಇಟ್ಟುಬಿಡು. ನಿನ್ನ ಕಾಲಿಗೆ ಬೀಳುತ್ತೇನೆ.

ಪುಟ್ಟಿ

*

ಏಪ್ರಿಲ್ 15

ಪುಟ್ಟಿ,

ಲಕೋಟೆ ಸೋಮವಾರ ಬಂತು, ತೆರೆಯಬೇಡ ಎಂಬ ನಿನ್ನ ಕಾಗದ ಬುಧವಾರ. ಎರಡೂ ಒಟ್ಟಿಗೆ ಬಂದಿದ್ದರೂ ನಾನು ತೆರೆಯುತ್ತಿದ್ದೆ, ಅದು ಬೇರೆ ಮಾತು.

ಇಪ್ಪತ್ತೆಂಟು ಕಾಗದ. ಅಪ್ಪನ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ನನ್ನ ಇಂಗ್ಲಿಷ್ ಎಷ್ಟರದ್ದು ಎಂದು ನಿನಗೆ ಗೊತ್ತು. ನಿನಗೆ ಮೊದಲ ಎ ಬಿ ಸಿ ಡಿ ಹೇಳಿಕೊಟ್ಟವಳು ನಾನೇ ಆದರೂ, ನೀನು ಮುಂದೆ ಹೋದೆ, ನಾನು ರಟ್ಟು ಕತ್ತರಿಸುತ್ತ ಅಲ್ಲೇ ನಿಂತೆ. ಆದರೆ ನಿನ್ನ ವಿದ್ಯಾರ್ಥಿಗಳದ್ದು ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮದು ಒಂದೇ ಮಟ್ಟ.

ಅವರು ಬರೆಯುತ್ತಾರೆ: ನೀವು ಬೆಳಿಗ್ಗೆ ಕೊಡೆ ಹಿಡಿದು ಮಾರುಕಟ್ಟೆಗೆ ನಡೆದು ಹೋಗುವುದು ಕೇಳಿ ಸಂತೋಷ. ಅವರು ಬರೆಯುತ್ತಾರೆ: ಈ ವಯಸ್ಸಿನಲ್ಲೂ ನೀವೇ ಗಾಜು ಕೊಯ್ಯುತ್ತೀರಂತೆ, ನಿಮ್ಮ ಕೈ ಗಟ್ಟಿಯಾಗಿರಲಿ. ಅವರು ಬರೆಯುತ್ತಾರೆ: ನಿಮಗೆ ಇರುವವಳು ಒಬ್ಬಳೇ ಮಗಳು, ಅವಳನ್ನು ನಮಗೆ ಕೊಟ್ಟಿದ್ದೀರಿ, ನಿಮ್ಮ ಮನಸ್ಸು ದೊಡ್ಡದು.

ಒಬ್ಬಳೇ ಮಗಳು. ಇಪ್ಪತ್ತೇಳು ಕಾಗದದಲ್ಲೂ. ಮೊದಲ ಕಾಗದದಲ್ಲಿ ಏನೋ ತಪ್ಪು ಬರೆದಿದ್ದಾರೆ ಅಂದುಕೊಂಡೆ. ಐದನೆಯದಕ್ಕೆ ಗೊತ್ತಾಯಿತು, ಅವರು ಪಾಠವನ್ನು ಚೆನ್ನಾಗಿಯೇ ಕಲಿತಿದ್ದಾರೆ.

ಇಪ್ಪತ್ತೆಂಟನೆಯದು ಸೂಲಗಿತ್ತಿಯದು, ಎಲ್ಲಕ್ಕಿಂತ ಚಿಕ್ಕದು. "ಸ್ವಾಮಿ, ಮಗಳು ಇಲ್ಲಿದ್ದಾಳೆ. ಹಾಗಾದರೆ ನಿಮಗೆ ಊಟ ಕೊಡುವವರು ಯಾರು?" ಅಷ್ಟೇ ಬರೆದು ಸಹಿ ಹಾಕಿದ್ದಾಳೆ.

ಅಪ್ಪನಿಗೆ ಏನು ಓದಿ ಹೇಳಿದೆ ಎಂದು ನೀನು ಕೇಳುತ್ತೀಯ. ಕೇಳಬೇಡ.

ತರಬೇತಿಯವರಿಂದ ಸೀಟು ಸಿಕ್ಕಿದ ಪತ್ರವೂ ಇದೇ ವಾರ ಬಂತು. ತಡವಾಗಿ ಸೇರುವಂತಿಲ್ಲ ಎಂದು ಅವರೇ ಬರೆದಿದ್ದಾರೆ, ನಾನು ಕೇಳಲಿಲ್ಲ.

ಅಮ್ಮಣ್ಣಿ
(ಯಾರು ಎಂದು ನಿನ್ನ ಕ್ಲಾಸಿನವರು ಕೇಳಿದರೆ, ಅಂಗಡಿಯಲ್ಲಿ ಕೆಲಸಕ್ಕಿರುವವಳು ಎಂದು ಹೇಳು)

*

ಮೇ 3

ಅಕ್ಕಾ,

ನಿನ್ನ ಕಾಗದ ಇವತ್ತು ಕೈ ಸೇರಿತು. ನಾಲ್ಕು ಸಲ ಓದಿದೆ. ಕಂಸದೊಳಗೆ ನೀನು ಬರೆದ ಆ ಸಾಲನ್ನು ಇನ್ನೂ ಹೆಚ್ಚು ಸಲ.

ಸುಳ್ಳು ಹೇಗೆ ಶುರುವಾಯಿತು ಎಂದು ಹೇಳುತ್ತೇನೆ. ಸಮರ್ಥನೆಗಲ್ಲ. ಮೊದಲ ವರ್ಷ, ದ್ವೀಪದಲ್ಲಿ, ನಿಜವನ್ನೇ ಹೇಳಿದ್ದೆ: ಅಪ್ಪ ಹಾಸಿಗೆ ಹಿಡಿದಿದ್ದಾರೆ, ಅಕ್ಕ ನೋಡಿಕೊಳ್ಳುತ್ತಾಳೆ, ಮುಂದಿನ ವರ್ಷ ನಾನು ಹೋಗಿ ಅವಳನ್ನು ಬಿಡಿಸುತ್ತೇನೆ. ಕರಾರು ಇನ್ನೊಂದು ವರ್ಷಕ್ಕೆ ಬೇರೆ ಊರಿಗೆ ಮುಂದುವರಿದಾಗ ಒಬ್ಬ ಮುದುಕ ದೋಣಿಯವನು ಎದ್ದು ನಿಂತು ಕೇಳಿದ, "ಟೀಚರ್, ಹಾಗಾದ್ರೆ ನಿಮ್ಮ ಅಕ್ಕ?" ಇಡೀ ಕ್ಲಾಸು ನನ್ನ ಮುಖ ನೋಡಿತು. ನಾನು ಬೋರ್ಡ್ ಕಡೆ ತಿರುಗಿ ಒರೆಸತೊಡಗಿದೆ. ಬರೆದದ್ದು ಏನೂ ಇರಲಿಲ್ಲ, ಆದರೂ ಒರೆಸಿದೆ.

ಎರಡನೆಯ ಊರಿನಲ್ಲಿ ನಿನ್ನ ಹೆಸರೆತ್ತಲಿಲ್ಲ. ಯಾರೂ ಕೇಳಲಿಲ್ಲ. ಎಷ್ಟು ಹಾಯಾಗಿತ್ತೆಂದರೆ, ಅಕ್ಕಾ, ಅದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಒಂದು ಸುಳ್ಳಿಗೆ ಹತ್ತು ಸುಳ್ಳು ಹೊದಿಸಬೇಕಲ್ಲ. ನೀನಿಲ್ಲ ಎಂದಮೇಲೆ ಅಪ್ಪನಿಗೆ ಊಟ ಕೊಡುವವರಿಲ್ಲ, ಏಳಿಸುವವರಿಲ್ಲ, ಬಟ್ಟೆ ಬದಲಿಸುವವರಿಲ್ಲ. ಹಾಗಾಗಿ ಅಪ್ಪ ಎದ್ದು ನಡೆಯಲೇಬೇಕಾಯಿತು. ಕೈಗೆ ಕೊಡೆ ಕೊಟ್ಟೆ. ಮಾರುಕಟ್ಟೆಗೆ ಕಳಿಸಿದೆ. ಹೇಳಿದಷ್ಟು ಸಲವೂ ಅವರನ್ನು ಇನ್ನಷ್ಟು ಗಟ್ಟಿ ಮಾಡುತ್ತ ಬಂದೆ. ಇಲ್ಲಿಗೆ ಬರುವ ಹೊತ್ತಿಗೆ ಅವರು ಗಾಜು ಕೊಯ್ಯುತ್ತಿದ್ದರು.

ಇಲ್ಲಿ ನನಗೆ ಎಷ್ಟು ಮರ್ಯಾದೆ ಗೊತ್ತಾ? ಒಂಟಿ ಅಪ್ಪನನ್ನು ಬಿಟ್ಟು ನಮಗಾಗಿ ಬಂದವಳು ಎಂದು. ಚಳಿಗೆ ಎಂದು ಸೂಲಗಿತ್ತಿ ಉಣ್ಣೆಯ ಕಾಲುಚೀಲ ಹೆಣೆದು ಕೊಟ್ಟಿದ್ದಾಳೆ. ನಿನಗೆ ಸಲ್ಲಬೇಕಾದ ಕಾಲುಚೀಲ ಅದು. ನಾನು ಹಾಕಿಕೊಂಡು ಓಡಾಡುತ್ತಿದ್ದೇನೆ, ಕಾಲು ಬೆಚ್ಚಗಿದೆ, ಮಿಕ್ಕಿದ್ದೆಲ್ಲ ಸುಡುತ್ತಿದೆ.

ಕ್ಷಮಿಸು ಎಂದು ಬರೆದರೆ ಅದೂ ಅಗ್ಗದ ಮಾತಾಗುತ್ತದೆ. ಬರೆಯದೆ ಇರಲೂ ಆಗುತ್ತಿಲ್ಲ.

ಪುಟ್ಟಿ

*

ಮೇ 10

ಅಕ್ಕಾ,

ಹೆಡ್‌ಮಾಸ್ಟರಿಗೆ ಆಗುವುದಿಲ್ಲ ಎಂದು ಹೇಳಿದೆ. ಅವರು ಟೋಪಿ ಹಾಕಿಕೊಂಡು ಹೊರಟುಹೋದರು. ಇಪ್ಪತ್ತಾರಕ್ಕೆ ಇಲ್ಲಿಂದ ಹೊರಡುತ್ತೇನೆ, ಮೂವತ್ತೊಂದರ ಸಂಜೆ ಮನೆಯಲ್ಲಿರುತ್ತೇನೆ.

ನಿನ್ನೆ ಸಂಜೆ ಕ್ಲಾಸಿನಲ್ಲಿ ಎಲ್ಲವನ್ನೂ ಹೇಳಿದೆ. ಬೋರ್ಡಿನ ಮೇಲೆ ಮಂಚ ಬರೆದೆ, ಅಪ್ಪನನ್ನು ಮಲಗಿಸಿದೆ, ಪಕ್ಕದಲ್ಲಿ ನಿನ್ನನ್ನು ಬರೆದೆ. ಸೀಮೆಸುಣ್ಣ ಒತ್ತಿಬಿಟ್ಟೆನೆಂದು ಕಾಣುತ್ತದೆ, ಬೋರ್ಡು ದಡಾರನೆ ಬಿತ್ತು. ಯಾರೂ ನಗಲಿಲ್ಲ. ಲಾರಿಯವನು ಎದ್ದು ಬಂದು ಎತ್ತಿ ನಿಲ್ಲಿಸಿ, ಕೈ ಒರೆಸಿಕೊಂಡು ಹೋಗಿ ಕೂತ. ನನ್ನ ಮುಖ ನೋಡಲಿಲ್ಲ.

ಎಲ್ಲರೂ ಹೋದಮೇಲೆ ಸೂಲಗಿತ್ತಿ ಮುಂದಿನ ಬೆಂಚಿನಲ್ಲೇ ಕೂತಿದ್ದಳು. "ನಂಗೆ ಮೊದಲೇ ಗೊತ್ತಿತ್ತು" ಅಂದಳು. ಹೇಗೆ ಎಂದೆ. "ನಾನು ಹೆರಿಗೆಗೆ ಹೋದ ಮನೇಲೆಲ್ಲ ಒಬ್ಬಳು ಇದ್ದೇ ಇರ್ತಾಳೆ. ಗಂಡನ್ನ ತೋರಿಸ್ತಾರೆ, ಅತ್ತೇನ ತೋರಿಸ್ತಾರೆ, ಅವಳನ್ನ ಮಾತ್ರ ಯಾರೂ ತೋರಿಸಲ್ಲ. ನೀರು ಕಾಯಿಸ್ತಾ ಇರೋಳು ಅವಳೇ. ನಿನ್ನ ಮನೇಲೂ ನೀರು ಕಾಯ್ತಾ ಇದೆಯಲ್ಲಾ, ಯಾರು ಕಾಯಿಸ್ತಾರೆ ಅಂತ ಯೋಚಿಸ್ತಿದ್ದೆ." ಅವಳ ಪರೀಕ್ಷೆಗೆ ನಾನಿರುವುದಿಲ್ಲ ಎಂಬುದನ್ನು ಅವಳು ಎತ್ತಲೇ ಇಲ್ಲ. ಕಾಲುಚೀಲ ವಾಪಸ್ ಕೊಡಲು ಹೋದೆ, ಕೈ ಒದರಿಬಿಟ್ಟಳು.

ಹೀಗೆ ಇಲ್ಲೂ ಒಬ್ಬಳ ಕೈ ಬಿಟ್ಟು ಬರುತ್ತಿದ್ದೇನೆ. ಎಲ್ಲಿಂದ ಹೊರಟರೂ ಯಾರಾದರೂ ಉಳಿದುಹೋಗುತ್ತಾರೆ. ಆದರೆ ಈ ಸಲ ಬರುವುದು ನಿನ್ನ ಕಡೆಗೆ.

ಕಾಯುತ್ತಿರು ಎನ್ನಲು ಬಾಯಿ ಬರುವುದಿಲ್ಲ. ಮೂರು ವರ್ಷ ಅದನ್ನೇ ಮಾಡಿಸಿದ್ದೇನೆ.
ಪುಟ್ಟಿ

*

ಮೇ 30
(ಅಡುಗೆಮನೆಯ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಕೆಳಗೆ)

ಪುಟ್ಟಿ,

ನೀನು ನಾಳೆ ಸಂಜೆ ಬರುತ್ತೀಯ. ನಾನು ಬೆಳಗಿನ ರೈಲಿಗೆ ಹೋಗುತ್ತಿದ್ದೇನೆ. ಸಂಜೆಯ ಬಸ್ಸಿಗೂ ಹೋಗಬಹುದಿತ್ತು. ನಿನ್ನ ಮುಖ ಕಂಡರೆ ಕರಗಿಬಿಡುತ್ತೇನೆ, ಕರಗಲು ಇನ್ನೂ ಮನಸ್ಸಿಲ್ಲ. ನೀನು ಬರುವವರೆಗೆ ಕಾಂಪೌಂಡರ್ ಮಾವ ಕೂತಿರುತ್ತಾರೆ. ಅವರಿಗೆ ಕಾಫಿ ಮಾಡಿಕೊಡು, ಸಕ್ಕರೆ ಬೇಡ ಎನ್ನುತ್ತಾರೆ, ಹಾಕು.

ಅಪ್ಪನನ್ನು ಎಡಕ್ಕೆ ತಿರುಗಿಸಿ ಎಬ್ಬಿಸಬೇಕು. ಬಲಕ್ಕೆ ತಿರುಗಿಸಿದರೆ ನೋವು, ಹೇಳಲು ಬರುವುದಿಲ್ಲ, ಹುಬ್ಬು ಮಾತ್ರ ಗಂಟಾಗುತ್ತದೆ. ಮುಖ ನೋಡುತ್ತಿರು. ಊಟ ಸಣ್ಣ ಚಮಚದಲ್ಲಿ, ನುಂಗಿದರಾ ಎಂದು ಗಂಟಲು ನೋಡಿ ಇನ್ನೊಂದು ಚಮಚ. ಬೇಡ ಎಂದರೆ ಎರಡು ಅರ್ಥ: ಕಣ್ಣು ಮುಚ್ಚಿ ಬೇಡ ಎಂದರೆ ನಿಜವಾಗಿ ಬೇಡ. ಕಣ್ಣು ಬಿಟ್ಟು ಬೇಡ ಎಂದರೆ ಸ್ವಲ್ಪ ಹೊತ್ತು ಮಾತಾಡಿಸು ಎಂದು. ಅಂಗಡಿ ಬೆಳಿಗ್ಗೆ ಮಾತ್ರ ತೆರೆ. ಗಾಜಿಗೆ ಕೈ ಹಾಕಬೇಡ, ನಿನಗೆ ಬರುವುದಿಲ್ಲ.

ಮಂಚದ ಎದುರಿನ ಗೋಡೆ ನೋಡಿದ ತಕ್ಷಣ ನೀನು ಬಾಗಿಲಲ್ಲೇ ನಿಂತುಬಿಡುತ್ತೀಯ. ಲಕೋಟೆಯಲ್ಲಿ ನಿನ್ನ ವಿದ್ಯಾರ್ಥಿ ಯಾರೋ ಒಂದು ಚಿತ್ರವನ್ನೂ ಬರೆದು ಇಟ್ಟಿದ್ದರು. ಕೊಡೆ ಹಿಡಿದು ನಡೆಯುತ್ತಿರುವ ಅಪ್ಪ, ಕೈ ಹಿಡಿದುಕೊಂಡ ಒಬ್ಬಳೇ ಮಗಳು. ಅದಕ್ಕೆ ಕಟ್ಟು ಹಾಕಿದ್ದೇನೆ. ನಿನ್ನನ್ನು ಚುಚ್ಚಲಿಕ್ಕೆ ಎಂದುಕೊಳ್ಳಬೇಡ. ಮೊದಲ ದಿನ ಹಾಗೇ ಇತ್ತು ಅನ್ನು, ಸುಳ್ಳೇಕೆ. ಆದರೆ ಅಪ್ಪ ಅದನ್ನು ನೋಡಿದ ರೀತಿ ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು. ಅದರಲ್ಲಿ ಅವರು ನಿಂತಿದ್ದಾರಲ್ಲ, ಅದಕ್ಕೆ. ದಿನಾ ಎದ್ದ ಕೂಡಲೇ ಅದನ್ನೇ ನೋಡುತ್ತಾರೆ. ತೆಗೆಯಬೇಡ.

ನಿನ್ನನ್ನು ಮರೆತುಬಿಟ್ಟಾರು ಎಂದು ನನಗೆ ಹೆದರಿಕೆಯಿತ್ತು, ಮೂರು ವರ್ಷವಾಯಿತಲ್ಲ. ಆದ್ದರಿಂದ ಬೆಳಿಗ್ಗೆ ಮುಖ ತೊಳೆಸುವಾಗ ಚಿತ್ರದ ಹುಡುಗಿಯನ್ನು ತೋರಿಸಿ, "ಇದು ಯಾರು? ಪುಟ್ಟಿ. ಹೇಳಿ, ಪುಟ್ಟಿ" ಎಂದು ಹೇಳಿಕೊಡುತ್ತಿದ್ದೇನೆ. ಹೋದ ವಾರ ಹೇಳಿಬಿಟ್ಟರು. ಈಗ ಐದು ಮಾತು. ಇಂಗ್ಲಿಷ್ ಹೇಳಿಕೊಡುವುದಕ್ಕಿಂತ ಇದು ಕಷ್ಟ ಕಣೇ, ನಿನಗೆ ಗೊತ್ತಿರಲಿ.

ನೀರು ಕಾಯಿಸಿಟ್ಟಿದ್ದೇನೆ. ನಿನ್ನ ಸೂಲಗಿತ್ತಿಗೆ ತಿಳಿಸು.

ಅಕ್ಕ

*

ಜುಲೈ 12

ಅಕ್ಕಾ,

ನಿನಗೆ ಇವತ್ತು ನಲವತ್ತು. ಒಳಗೆ ಹೋಗಿ ಕೂತಾಗಿದೆ, ಇನ್ನು ಯಾರೂ ಎಬ್ಬಿಸಲಾರರು. ಮಸುಕಾದ ಫೋಟೋದಲ್ಲಿ ಮುಖ ಮತ್ತೆ ಮೂಡುವುದನ್ನು ನೋಡಿ ಅತ್ತುಬಿಟ್ಟೆ ಎಂದು ಬರೆದಿದ್ದೀಯಲ್ಲ, ಅದನ್ನು ಅಪ್ಪನಿಗೆ ಎರಡು ಸಲ ಓದಿದೆ. ಒಂದು ಪದವನ್ನೂ ಬಿಡಲಿಲ್ಲ.

ಈ ಲಕೋಟೆಯೊಳಗೆ ಇನ್ನೊಂದು ಲಕೋಟೆ ಇದೆ. ಬಯಲಿನ ಊರಿನಿಂದ ಬಂದದ್ದು. ಮೇಲೆ ಸೂಲಗಿತ್ತಿಯ ಕೈಬರಹದಲ್ಲಿ 'ನೀರು ಕಾಯಿಸುವ ಅಕ್ಕನಿಗೆ' ಎಂದಿದೆ. ತೆರೆದಿಲ್ಲ.

ನಿನಗೆ ಬರೆಯಲು ಇಷ್ಟು ತಡವಾದದ್ದಕ್ಕೆ ಕೆಲಸ ಕಾರಣವಲ್ಲ. ಆ ಮೊದಲ ಸಂಜೆಯ ವಿಷಯ ಹೇಗೆ ಬರೆಯಲಿ ಎಂದು ತಿಳಿಯಲಿಲ್ಲ. ಈಗ ಹೇಳಿಬಿಡುತ್ತೇನೆ.

ಚೀಲ ಕೆಳಗಿಟ್ಟು ಮಂಚದ ಹತ್ತಿರ ಹೋದೆ. ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ "ನೀರು" ಎಂದರು. ಎಡಕ್ಕೆ ತಿರುಗಿಸಿ ಎಬ್ಬಿಸಿ ಕುಡಿಸಿದೆ. ಕುಡಿದು, ನನ್ನ ಮಣಿಕಟ್ಟು ಹಿಡಿದುಕೊಂಡು, "ಅಮ್ಮಣ್ಣಿ" ಎಂದರು.

"ಅಪ್ಪಾ, ಅಕ್ಕ ಓದೋಕೆ ಹೋಗಿದ್ದಾಳೆ. ನಾನು ಪುಟ್ಟಿ" ಎಂದೆ.

"ಬೇಡ" ಎಂದರು. ಕಣ್ಣು ಮುಚ್ಚಿ. ಆಮೇಲೆ ಕಣ್ಣು ತೆರೆದು, ಎಡಗೈ ಎತ್ತಿ ಎದುರಿನ ಗೋಡೆ ತೋರಿಸಿದರು. ಚಿತ್ರದ ಹುಡುಗಿಯತ್ತ ಬೆರಳು ಚಾಚಿ, ನಾನು ಪಾಠ ತಪ್ಪಿದ ದಡ್ಡಿಯೋ ಎಂಬಂತೆ, ನಿಧಾನವಾಗಿ, ಸ್ಪಷ್ಟವಾಗಿ ಹೇಳಿಕೊಟ್ಟರು: "ಪುಟ್ಟಿ."

ಆರು ವಾರವಾಯಿತು. ದಿನಾ ಬೆಳಿಗ್ಗೆ ಮುಖ ತೊಳೆಸುವಾಗ ಗೋಡೆಯ ಮೇಲಿನವಳನ್ನು ನೋಡಿ ನಗುತ್ತಾರೆ, ಪುಟ್ಟಿ ಎನ್ನುತ್ತಾರೆ. ನೀರು ಕೊಡುವವಳು ಅಮ್ಮಣ್ಣಿ. ಅವರ ಮಟ್ಟಿಗೆ ಈ ಮನೆಯಲ್ಲಿ ಅವಳಿಲ್ಲದೆ ಒಂದು ದಿನವೂ ಕಳೆದಿಲ್ಲ. ದೂರ ಇರುವವಳು ಪುಟ್ಟಿ, ಅವಳು ಕಾಗದದ ಮೇಲಿದ್ದಾಳೆ. ಹೊಟ್ಟೆಪಾಡಿಗೆ ಬೇರೆಯವರ ತಪ್ಪು ತಿದ್ದುತ್ತ ಬಂದವಳು ನಾನು, ಇದನ್ನು ತಿದ್ದಲು ಹೋಗಿಲ್ಲ.

ಮೊದಲ ವಾರ ಅವರು ನಿನ್ನ ಹೆಸರು ಕೂಗಿದಾಗಲೆಲ್ಲ ಅಡುಗೆಮನೆಯಲ್ಲಿ ನಿಂತು ಅತ್ತೆ. ಈಗ ಅಳುವಷ್ಟು ಪುರುಸೊತ್ತಿಲ್ಲ. ಎರಡು ಊರಿನಲ್ಲಿ ನಿನ್ನನ್ನು ಒರೆಸಿಹಾಕಿದವಳು ಈಗ ಅದೇ ಹೆಸರಿಗೆ ದಿನಕ್ಕೆ ನೂರು ಸಲ ಓಗೊಡುತ್ತಿದ್ದೇನೆ. ನೂರು ಎಂದು ನೀನು ಬರೆದಾಗ ಮಾತಿಗೆ ಬರೆದೆ ಅಂದುಕೊಂಡಿದ್ದೆ. ನಿನ್ನೆ ಎಣಿಸಿದೆ. ಮಧ್ಯಾಹ್ನದೊಳಗೇ ಅರವತ್ತು ದಾಟಿತು.

ಅಗೋ, ಕರೆಯುತ್ತಿದ್ದಾರೆ. "ಬಂದೆ ಅಪ್ಪಾ" ಎಂದು ಕೂಗಿ ಹೇಳಿದ್ದೇನೆ. ಹೋಗಬೇಕು.

ನಿನ್ನ ಜಾಗದಲ್ಲಿ ನಿಂತು ಬರೆದ,
ಪುಟ್ಟಿ